ಹೊಸ ಬಿಬಿ ಹಾಕಿದ ಮೇಲೂ ಕಟಕಟ ನಿಲ್ಲಲಿಲ್ಲವಾ? ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕ್ ದೋಷ ಹುಡುಕುವ ಬಗೆ

ಸೈಕಲ್ಲಿನಲ್ಲಿ ನಂದಿ ಬೆಟ್ಟದ ಏರು ಶುರುವಾಗಿ ಇನ್ನೂ ಉಸಿರು ಹದಕ್ಕೆ ಬಂದಿರಲಿಲ್ಲ, ಶಬ್ದ ಬಂತು. ಕಟ್. ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದಿರುವ ಲೋಹದ ಪಟ್ಟಿ, ಒಂದು ಸುತ್ತು ಬಂದರೆ ಒಂದು ಕಟ್, ಅದೂ ಬಲಗಾಲು ಒತ್ತುವಾಗ ಮಾತ್ರ. ಸಪಾಟು ರಸ್ತೆಯಲ್ಲಿ ಏನೂ ಇಲ್ಲ. ಇಳಿಜಾರಿನಲ್ಲಂತೂ ಪೂರ್ತಿ ಮೌನ. ಮಾರನೇ ದಿನ ಒಂದು ಅಂಗಡಿಗೆ ತಗೊಂಡು ಹೋದೆ. ಅಲ್ಲಿನವರು ಸೈಕಲ್ಲನ್ನು ಸ್ಟ್ಯಾಂಡಿಗೂ ಹಾಕದೆ ಕ್ರ್ಯಾಂಕನ್ನು ಒಂದು ಸಲ ಹಿಂದಕ್ಕೆ ತಿರುಗಿಸಿ "ಬಿಬಿ ಹೋಗಿದೆ ಸರ್" ಅಂದರು. ಬಿಬಿ ಅಂದರೆ ಬಾಟಮ್ ಬ್ರ್ಯಾಕೆಟ್, ಕ್ರ್ಯಾಂಕಿನ ಅಚ್ಚನ್ನು ಫ್ರೇಮಿನ ತಳದಲ್ಲಿ ಹಿಡಿದು ತಿರುಗಲು ಬಿಡುವ ಬೇರಿಂಗ್ ಜೋಡಿ. ಸರಿ, ಹೊಸದು ಹಾಕಿ ಅಂದೆ. ಹಳೆಯದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು. ಮುಂದಿನ ಭಾನುವಾರ ಅದೇ ಏರು, ಅದೇ ಜಾಗ, ಅದೇ ಕಟ್.

ಆಮೇಲೆ ಎರಡು ವಾರಾಂತ್ಯ ಇದರಲ್ಲೇ ಹೋಯಿತು. ಮಧ್ಯದಲ್ಲಿ ನಾನೇ ಹೊಸದೊಂದು ದೋಷವನ್ನೂ ತಂದುಕೊಂಡೆ, ಅದನ್ನು ಕೆಳಗೆ ಹೇಳುತ್ತೇನೆ. ನನ್ನದು ಸಾಮಾನ್ಯವಾದ ರೋಡ್ ಬೈಕ್: ಅಲ್ಯೂಮಿನಿಯಂ ಫ್ರೇಮ್, ಥ್ರೆಡ್ ಇರುವ ಬಿಬಿ, 24 ಮಿ.ಮೀ. ಅಚ್ಚಿನ, ಶಿಮಾನೊ ಕಂಪನಿಯ ಹಾಲೋಟೆಕ್ 2 ಕ್ರ್ಯಾಂಕ್. ನಮ್ಮೂರುಗಳಲ್ಲಿ ಓಡುವ ರೋಡ್ ಬೈಕುಗಳಲ್ಲಿ ಈ ಜೋಡಿ ಧಾರಾಳವಾಗಿ ಸಿಗುತ್ತದೆ, ಹಾಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ. ಉಳಿದವನ್ನು ಬೇಗ ಮುಗಿಸುತ್ತೇನೆ.

ಮೊದಲು ಬಿಬಿಯ ಮೇಲಿನ ಅನುಮಾನ ಬಿಡಿ

ಫ್ರೇಮ್ ಅಂದರೆ ಖಾಲಿ ಕೊಳವೆ. ತಂಬೂರಿಯ ಬುರುಡೆ ಇದ್ದ ಹಾಗೆ. ಎಲ್ಲಿ ಟಕ್ ಅಂದರೂ ಶಬ್ದ ಕೊಳವೆಯೊಳಗೆ ಓಡಿ ಬಂದು ಕಾಲಿನ ಕೆಳಗೇ ಆದ ಹಾಗೆ ಕೇಳುತ್ತದೆ. ಸೀಟಿನ ಕಂಬಿಯ ಶಬ್ದಕ್ಕೂ ಬಿಬಿ ಬಯ್ಯಿಸಿಕೊಳ್ಳುತ್ತದೆ, ಹಿಂದಿನ ಚಕ್ರವನ್ನು ಫ್ರೇಮಿಗೆ ಬಿಗಿಯುವ ಕ್ವಿಕ್ ರಿಲೀಸ್ ಒಣಗಿದ್ದಕ್ಕೂ ಬಿಬಿಯೇ ಬಯ್ಯಿಸಿಕೊಳ್ಳುತ್ತದೆ. ಪಾಪ.

ಹಾಗಾಗಿ ಮೊದಲ ಕೆಲಸ ಎಣಿಸುವುದು. ಕ್ರ್ಯಾಂಕಿನ ಒಂದು ಸುತ್ತಿಗೆ ಸರಿಯಾಗಿ ಒಂದು ಸಲ ಬಂದರೆ ಅನುಮಾನ ಪೆಡಲ್, ಶೂವನ್ನು ಪೆಡಲ್ಲಿಗೆ ಸಿಕ್ಕಿಸುವ ಕ್ಲೀಟ್, ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಬೋಲ್ಟ್, ಕ್ರ್ಯಾಂಕ್, ಬಿಬಿ ಇವುಗಳ ಮೇಲೆ. ಎರಡು ಸುತ್ತು ದಾಟಿ ಸ್ವಲ್ಪ ಆದ ಮೇಲೆ ಒಂದು ಸಲ ಬಂದರೆ ಅದು ಚೈನ್. ಲೆಕ್ಕ ಸುಲಭ: 108 ಕೊಂಡಿಯ ಚೈನ್ 50 ಹಲ್ಲಿನ ಚೈನ್‌ರಿಂಗ್ ಮೇಲೆ ಪೂರ್ತಿ ಒಂದು ಸುತ್ತು ಬರಲು ಕ್ರ್ಯಾಂಕ್ 2.16 ಸುತ್ತು ತಿರುಗಬೇಕು. 34 ಹಲ್ಲಿನ ಸಣ್ಣ ರಿಂಗ್ ಮೇಲಾದರೆ 3 ಸುತ್ತಿಗಿಂತ ಸ್ವಲ್ಪ ಜಾಸ್ತಿ. ರಿಂಗ್ ಬದಲಾಯಿಸಿದಾಗ ಶಬ್ದದ ಅಂತರವೂ ಬದಲಾದರೆ ಚೈನಿನಲ್ಲಿ ಯಾವುದೋ ಒಂದು ಕೊಂಡಿ ಬಿಗಿದುಕೊಂಡಿದೆ, ಬಿಬಿಗೂ ಅದಕ್ಕೂ ಸಂಬಂಧವಿಲ್ಲ. ಪೆಡಲ್ ತುಳಿಯದೆ ಸುಮ್ನೆ ಉರುಳುವಾಗಲೂ ಬಂದರೆ ಚಕ್ರ ನೋಡಿ.

ಎರಡನೆಯದು, ಎದ್ದು ನಿಂತು ತುಳಿಯುವುದು. ನಿಂತಾಗ ಶಬ್ದ ಮಾಯವಾದರೆ ಸೀಟು, ಸೀಟಿನ ಹಳಿ, ಸೀಟ್ ಪೋಸ್ಟ್ ಇವುಗಳಲ್ಲಿ ಹುಡುಕಿ. ನಿಂತಾಗ ಮಾತ್ರ ಬಂದರೆ ಹ್ಯಾಂಡಲ್ ಕಡೆ ಅಥವಾ ಹಿಂದಿನ ಚಕ್ರದ ಕಡೆ ಇರಬಹುದು, ಯಾಕೆಂದರೆ ನಿಂತು ತುಳಿಯುವಾಗ ನಾವು ಸೈಕಲ್ಲನ್ನು ಅತ್ತ ಇತ್ತ ಬಾಗಿಸುತ್ತೇವೆ, ಆಗ ಹಿಂದಿನ ಅಚ್ಚು ಫ್ರೇಮಿಗೆ ಉಜ್ಜುತ್ತದೆ. ಕ್ವಿಕ್ ರಿಲೀಸ್ ಬಿಚ್ಚಿ, ಫ್ರೇಮಿಗೆ ತಾಗುವ ಜಾಗವನ್ನೆಲ್ಲ ಒರೆಸಿ, ಬೆರಳ ತುದಿಯಷ್ಟು ಗ್ರೀಸ್ ಹಚ್ಚಿ ಮತ್ತೆ ಬಿಗಿ ಮಾಡಿ. ಐದು ನಿಮಿಷದ ಕೆಲಸ. ಇದರಲ್ಲೇ ಎಷ್ಟೋ "ಬಿಬಿ ಶಬ್ದ"ಗಳು ನಿಂತುಹೋಗಿವೆ.

ಮೂರನೆಯದು ಒಂದೇ ಕಾಲಿನಲ್ಲಿ ತುಳಿಯುವುದು. ಖಾಲಿ ರಸ್ತೆಯಲ್ಲಿ ಎಡಗಾಲು ತೆಗೆದು ಬಲಗಾಲಿನಲ್ಲಿ ಮಾತ್ರ ತುಳಿಯಿರಿ, ಆಮೇಲೆ ಅದಲು ಬದಲು. ಒಂದೇ ಕಡೆ ಶಬ್ದ ಬಂದರೆ ಮೊದಲು ಆ ಕಡೆಯ ಪೆಡಲ್ ಬಿಚ್ಚಿ. ಬಿಚ್ಚಿಯೇ ನೋಡಬೇಕು. ನಾನು ತಪ್ಪಿದ್ದು ಇಲ್ಲೇ. ಪೆಡಲ್ ಬಿಗಿಯಾಗಿದೆಯಾ ಅಂತ ಅಲೆನ್ ಕೀ ಹಾಕಿ ಒತ್ತಿ ನೋಡಿದೆ, ಕಲ್ಲಿನ ಹಾಗೆ ಬಿಗಿಯಾಗಿತ್ತು, ಸರಿ ಇದಲ್ಲ ಅಂತ ಮುಂದೆ ಹೋದೆ. ಬಿಗಿಯಾಗಿದ್ದರೂ ಥ್ರೆಡ್ ಒಣಗಿದ್ದರೆ ಶಬ್ದ ಬರುತ್ತದೆ. ಮಳೆ, ಬೆವರು, ಧೂಳು ಸೇರಿ ಥ್ರೆಡ್ ಮೇಲೆ ಸಣ್ಣ ಮರಳಿನ ಪದರ ಕೂತಿರುತ್ತದೆ. ಪ್ರತಿ ಸಲ ಒತ್ತಿದಾಗ ಲೋಹದ ಮೇಲೆ ಲೋಹ ಒಂದು ಕೂದಲೆಳೆಯಷ್ಟು ಜರುಗುತ್ತದೆ. ಆ ಜರುಗುವಿಕೆಯೇ ಕಟ್. ಎಷ್ಟು ಬಿಗಿ ಮಾಡಿದರೂ ಅದು ನಿಲ್ಲುವುದಿಲ್ಲ. ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಬೇಕು.

ಹಾಗೆಯೇ ಚೈನ್‌ರಿಂಗ್ ಬೋಲ್ಟುಗಳು. ಹೊಸ ಕ್ರ್ಯಾಂಕುಗಳಲ್ಲಿ ಜಾಸ್ತಿ ಟಿ30 ನಕ್ಷತ್ರ ತಲೆ ಇರುತ್ತದೆ, ಹಳೆಯವಕ್ಕೆ 5 ಮಿ.ಮೀ. ಅಲೆನ್. ಒಂದೊಂದನ್ನೇ ಬಿಚ್ಚಿ, ಗ್ರೀಸ್ ಹಾಕಿ, ಮತ್ತೆ ಹಾಕಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ, ಆಮೇಲೆ ರಿಂಗ್ ಜೋಡಿಸುವಾಗ ಮೂರು ಕೈ ಬೇಕಾಗುತ್ತದೆ.

ಇನ್ನೆರಡು ಸಣ್ಣ ಕಳ್ಳರಿದ್ದಾರೆ. ಚೈನನ್ನು ಒಂದು ರಿಂಗಿನಿಂದ ಇನ್ನೊಂದಕ್ಕೆ ದಾಟಿಸುವ ಮುಂದಿನ ಡಿರೇಲರ್ ಕೇಬಲ್ಲಿನ ತುದಿ ಹೊರಕ್ಕೆ ಬಾಗಿ ಕ್ರ್ಯಾಂಕಿಗೆ ತಾಗುವುದು ಒಂದು, ಶೂ ಲೇಸಿನ ತುದಿ ಕ್ರ್ಯಾಂಕಿಗೆ ಬಡಿಯುವುದು ಇನ್ನೊಂದು. ಎರಡೂ ಸುತ್ತಿಗೊಂದು ಸಲ ಟಿಕ್ ಅನ್ನುತ್ತವೆ. ನಗಬೇಡಿ, ಇದಕ್ಕಾಗಿ ಬಿಬಿ ಬಿಚ್ಚಿದವರನ್ನು ನೋಡಿದ್ದೇನೆ.

ಹಾಗಾದರೆ ನಿಜವಾಗಿ ಕೆಟ್ಟ ಬಿಬಿ ಹೇಗಿರುತ್ತದೆ?

ಕೆಟ್ಟ ಬೇರಿಂಗ್ ಸಾಮಾನ್ಯವಾಗಿ ಕಟ್ ಅನ್ನುವುದಿಲ್ಲ. ಗರಗರ ಅನ್ನುತ್ತದೆ. ಚೈನನ್ನು ರಿಂಗಿನಿಂದ ಇಳಿಸಿ ಒಳಗಡೆ ಬಿಡಿ. ಈಗ ಕ್ರ್ಯಾಂಕನ್ನು ಮೆಲ್ಲಗೆ ತಿರುಗಿಸಿ, ಇನ್ನೊಂದು ಕೈಯನ್ನು ಸೀಟ್ ಟ್ಯೂಬ್ ಮೇಲಿಡಿ. ರಾಗಿ ಬೀಸುವ ಕಲ್ಲಿನ ಹಾಗೆ ಅಂಗೈಗೆ ಗೊತ್ತಾದರೆ ಬೇರಿಂಗ್ ಹೋಗಿದೆ. ಇನ್ನೂ ಅನುಮಾನ ಇದ್ದರೆ ಉದ್ದದ ಸ್ಕ್ರೂಡ್ರೈವರ್ ತುದಿಯನ್ನು ಕಪ್ಪಿಗೆ, ಅಂದರೆ ಬೇರಿಂಗನ್ನು ಹಿಡಿದಿರುವ ಬಟ್ಟಲಿಗೆ, ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳಿ. ಡಾಕ್ಟರ ಸ್ಟೆತಸ್ಕೋಪಿಗಿಂತ ಕಡಿಮೆಯೇನಿಲ್ಲ.

ಒಂದು ಮಾತು: ಹೊಸ ಬೇರಿಂಗ್ ಸ್ವಲ್ಪ ಬಿಗಿಯಾಗೇ ಇರುತ್ತದೆ. ಒಳಗೆ ಗ್ರೀಸ್ ತುಂಬಿರುತ್ತದೆ, ರಬ್ಬರ್ ಸೀಲ್ ಹೊಸದಾಗಿರುತ್ತದೆ. ಒಂದೆರಡು ಸುತ್ತಿಗೆ ಕ್ರ್ಯಾಂಕ್ ನಿಂತರೆ ಗಾಬರಿಯಾಗಬೇಡಿ. ಫ್ಯಾನಿನ ಹಾಗೆ ಗಿರಗಿರ ತಿರುಗುತ್ತಿದ್ದರೆ ಒಳಗಿನ ಗ್ರೀಸ್ ತೊಳೆದುಹೋಗಿರುವ ಸಾಧ್ಯತೆಯೇ ಜಾಸ್ತಿ. ಕಾರು ತೊಳೆಯುವ ಕಡೆ ಪ್ರೆಷರ್ ಪೈಪಿನಿಂದ ಸೈಕಲ್ ತೊಳೆಸುವವರಿಗೆ ಇದು ಬೇಗ ಆಗುತ್ತದೆ.

ಆಮೇಲೆ ಅಲುಗಾಟ. ಕ್ರ್ಯಾಂಕಿನ ತುದಿ ಹಿಡಿದು ಫ್ರೇಮಿನ ಕಡೆಗೆ ಒಳಕ್ಕೆ ಹೊರಕ್ಕೆ ಎಳೆದು ತಳ್ಳಿ. ಎರಡೂ ಕ್ರ್ಯಾಂಕ್ ಒಟ್ಟಿಗೆ ಅಲುಗಿದರೆ ಬೇರಿಂಗ್ ಸವೆದಿದೆ, ಇಲ್ಲವೇ ಪ್ರೀಲೋಡ್ (ಬೇರಿಂಗನ್ನು ಪಕ್ಕದಿಂದ ಒತ್ತಿ ಹಿಡಿಯುವ ಬಿಗಿ) ಸಡಿಲವಾಗಿದೆ, ಇಲ್ಲವೇ ಕಪ್ಪೇ ಸಡಿಲವಾಗಿದೆ. ಒಂದು ಕಡೆಯದು ಮಾತ್ರ ಅಲುಗಿ ಇನ್ನೊಂದು ಗಟ್ಟಿಯಾಗಿದ್ದರೆ ಆ ಕ್ರ್ಯಾಂಕ್ ಅಚ್ಚಿನ ಮೇಲೆ ಸಡಿಲವಾಗಿದೆ. ಇದು ಗೊತ್ತಾದ ಮೇಲೆ ಒಂದು ಕಿಲೋಮೀಟರ್ ಕೂಡ ತುಳಿಯಬೇಡಿ, ತಳ್ಳಿಕೊಂಡು ಹೋಗಿ.

ಬಿಚ್ಚುವ ಮುಂಚೆ ಅಳತೆ

ಫ್ರೇಮಿನ ಕೆಳಗಿನ ಅಡ್ಡ ಕೊಳವೆಯನ್ನು ಶೆಲ್ ಅನ್ನುತ್ತಾರೆ. ಅದರ ಅಗಲ ಅಳೆಯಿರಿ. 68 ಮಿ.ಮೀ. ಇದ್ದು ಕಪ್ ಮೇಲೆ 1.37 x 24 ಅಂತ ಇದ್ದರೆ ಬಿಎಸ್‌ಎ ಥ್ರೆಡ್, ಅಂದರೆ ಇಂಗ್ಲಿಷ್ ಥ್ರೆಡ್. 70 ಮಿ.ಮೀ. ಇದ್ದು 36 x 24 ಅಂತ ಇದ್ದರೆ ಇಟಾಲಿಯನ್. ಕಪ್ಪಿಗೆ ಹೊರಗಾಗಲಿ ಒಳಗಾಗಲಿ ಸ್ಪ್ಯಾನರ್ ಹಿಡಿಯಲು ಹಲ್ಲೇ ಇಲ್ಲದಿದ್ದರೆ ಅದು ಥ್ರೆಡ್ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್ ಫಿಟ್ ಇರಬೇಕು.

ಯಾಕೆ ಈ ಅಳತೆ ಅಂದರೆ, ಬಿಎಸ್‌ಎಯಲ್ಲಿ ಬಲಗಡೆಯ ಕಪ್ ಉಲ್ಟಾ ಥ್ರೆಡ್. ಇಟಾಲಿಯನ್ನಿನಲ್ಲಿ ಎರಡೂ ಕಡೆ ನೇರ ಥ್ರೆಡ್. ಇದು ತಿಳಿಯದೆ ಬಲಗಡೆಯ ಕಪ್ಪನ್ನು "ಬಿಚ್ಚುತ್ತಾ" ಅರ್ಧ ಗಂಟೆ ಬಿಗಿ ಮಾಡಿದವರ ಸಂಘಕ್ಕೆ ನಾನೂ ಸದಸ್ಯ. ಉಲ್ಟಾ ಯಾಕೆ ಇಟ್ಟರು ಅನ್ನುವುದಕ್ಕೆ ಮನೆಯಲ್ಲೇ ಒಂದು ಪ್ರಯೋಗವಿದೆ. ಬಳೆಯೊಳಗೆ ಒಂದು ಪೆನ್ಸಿಲ್ ಇಟ್ಟು, ಬಳೆಯ ಒಳಗೋಡೆಗೆ ಒತ್ತಿಕೊಂಡು ಬಲಕ್ಕೆ ಸುತ್ತಿಸಿ. ಪೆನ್ಸಿಲ್ ತಾನು ಮಾತ್ರ ಎಡಕ್ಕೆ ಉರುಳುತ್ತದೆ. ಒಂದು ದುಂಡನೆಯ ವಸ್ತು ಇನ್ನೊಂದರೊಳಗೆ ಚೂರು ಸಡಿಲವಾಗಿ ಕೂತು ಸುತ್ತಲೂ ಒತ್ತಡ ತಿಂದರೆ ಹೀಗೆ ಉಲ್ಟಾ ದಿಕ್ಕಿಗೆ ಜರುಗುತ್ತದೆ. ಬಲಗಡೆ ನೇರ ಥ್ರೆಡ್ ಇದ್ದರೆ ತುಳಿಯುತ್ತಾ ತುಳಿಯುತ್ತಾ ಕಪ್ ತಾನೇ ಬಿಚ್ಚಿಕೊಳ್ಳುತ್ತದೆ. ಇಟಾಲಿಯನ್ ಫ್ರೇಮ್ ಇರುವವರು ಬಲಗಡೆಯ ಕಪ್ಪನ್ನು ಆಗಾಗ ನೋಡಿಕೊಳ್ಳಬೇಕಾಗಿರುವುದು ಇದಕ್ಕೇ.

ಬಿಎಸ್‌ಎಗೆ ನಾನು ನೆನಪಿಟ್ಟುಕೊಂಡಿರುವುದು ಇಷ್ಟೇ: ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಮುಂದಿನ ಚಕ್ರದ ಕಡೆಗೆ ಎಳೆದರೆ ಬಿಚ್ಚುತ್ತದೆ, ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಗಿಯಾಗುತ್ತದೆ. ಎರಡೂ ಕಡೆಗೆ ಇದೇ. ಪೆಡಲ್ಲಿಗೆ ಸರಿಯಾಗಿ ತಿರುಗುಮುರುಗು, ಮುಂದಕ್ಕೆ ಎಳೆದರೆ ಬಿಗಿ, ಹಿಂದಕ್ಕೆ ಎಳೆದರೆ ಸಡಿಲ. ಬಲ ಎಡ ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ.

ಒಳಗೆ ಏನು ಸಿಕ್ಕಿತು

ಹೊಸ ಬಿಬಿ ಹಾಕಿದ ಮೇಲೂ ಶಬ್ದ ನಿಲ್ಲದಿದ್ದಾಗ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದು ಟಾರ್ಕ್ ರೆಂಚ್ (ಬೋಲ್ಟನ್ನು ಇಷ್ಟೇ ಬಿಗಿ ಅಂತ ಅಳೆದು ತಿರುಗಿಸುವ ಸ್ಪ್ಯಾನರ್) ತಂದು ನಾನೇ ಬಿಚ್ಚಿದೆ. ಎಡ ಕ್ರ್ಯಾಂಕಿನ ಎರಡು 5 ಮಿ.ಮೀ. ಬೋಲ್ಟ್ ಸಡಿಲ ಮಾಡಿ, ನಡುವಿನ ಪ್ಲಾಸ್ಟಿಕ್ ಮುಚ್ಚಳ ತಿರುಗಿಸಿ ತೆಗೆದು, ಸಣ್ಣ ಸೇಫ್ಟಿ ಪ್ಲೇಟನ್ನು ಚೂಪು ಸ್ಕ್ರೂಡ್ರೈವರಿನಿಂದ ಮೇಲೆತ್ತಿದರೆ ಎಡ ಕ್ರ್ಯಾಂಕ್ ಕೈಗೆ ಬರುತ್ತದೆ. ಅಚ್ಚನ್ನು ಎಡಗಡೆಯಿಂದ ರಬ್ಬರ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಬಲಗಡೆಗೆ ಜಾರುತ್ತದೆ.

ಕಪ್ ಬಿಚ್ಚಿ ಶೆಲ್ಲಿನೊಳಗೆ ಟಾರ್ಚ್ ಬಿಟ್ಟೆ. ಸುಮಾರು ಎರಡು ಚಮಚದಷ್ಟು ಕೆಂಪು ನೀರು, ಕಾಫಿ ಗಷ್ಟಿನ ಹಾಗೆ ತಳದಲ್ಲಿ ಕೂತಿತ್ತು. ಮಳೆಗಾಲದ ನೀರು ಸೀಟ್ ಪೋಸ್ಟ್ ಪಕ್ಕದಿಂದ ಇಳಿದು ಬಂದಿದ್ದು. ಶೆಲ್ಲಿನ ಕೆಳಗೆ ನೀರು ಹೋಗಲು ಒಂದು ಸಣ್ಣ ತೂತು ಇರುತ್ತದೆ, ನನ್ನದು ಮಣ್ಣಿನಿಂದ ಮುಚ್ಚಿಹೋಗಿತ್ತು. ಥ್ರೆಡ್ ಮೇಲೆ ಗ್ರೀಸ್ ಹೆಸರಿಗೂ ಇಲ್ಲ. ಹೊಸ ಬಿಬಿಯನ್ನು ಒಣ ಥ್ರೆಡ್ಡಿಗೇ ಹಾಕಿದ್ದರು. ಹಾ, ಸಿಕ್ಕಿತು ಅಂತ ಖುಷಿಯಾಯಿತು.

ಹಳೆಯ ಟೂತ್ ಬ್ರಷ್ಷಿನಲ್ಲಿ ಥ್ರೆಡ್ ಉಜ್ಜಿದೆ, ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ, ಒಣಗಿದ ಮೇಲೆ ಎರಡೂ ಕಡೆ ಧಾರಾಳವಾಗಿ ಗ್ರೀಸ್ ಬಳಿದೆ. ಟೈಟೇನಿಯಂ ಫ್ರೇಮ್ ಆಗಿದ್ದರೆ ಗ್ರೀಸ್ ಬದಲು ಆಂಟಿ ಸೀಜ್ ಪೇಸ್ಟ್ ಹಾಕಬೇಕು, ಇಲ್ಲದಿದ್ದರೆ ವರ್ಷ ಕಳೆದ ಮೇಲೆ ಕಪ್ ಬರುವುದೇ ಇಲ್ಲ. ಶೆಲ್ಲಿನ ಅಂಚಿನಲ್ಲಿ ಪೇಂಟ್ ಗಡ್ಡೆ ಕಟ್ಟಿದ್ದರೆ ಅದನ್ನೂ ತೆಗೆಯಿರಿ. ಕಪ್ ಕೂರುವ ಜಾಗ ಸಮ ಇಲ್ಲದಿದ್ದರೆ ಎರಡು ಬೇರಿಂಗ್ ಒಂದೇ ನೇರಕ್ಕೆ ಬರುವುದಿಲ್ಲ.

ನಾನು ತಂದುಕೊಂಡ ದೋಷ

ಕಪ್ಪನ್ನು ಕೈಯಲ್ಲೇ ತಿರುಗಿಸಿ ಹಾಕಬೇಕು, ಸ್ಪ್ಯಾನರ್ ಕೊನೆಗೆ ಮಾತ್ರ. ಇದು ಎಲ್ಲರೂ ಹೇಳುವ ಮಾತು, ನನಗೂ ಗೊತ್ತಿತ್ತು. ಬಲಗಡೆಯ ಕಪ್ ಅದಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ತೋಳಿನ ಸಮೇತ ಒಳಗೆ ಹೋಗುತ್ತದೆ. ಈ ತೋಳು ಎರಡು ಕಪ್ಪಿನ ನಡುವೆ ನಿಂತು ಒಳಗಿನ ನೀರು, ಮಣ್ಣು ಬೇರಿಂಗಿಗೆ ಹೋಗದ ಹಾಗೆ ತಡೆಯುತ್ತದೆ. ನಾಲ್ಕೈದು ಸುತ್ತು ಕೈಯಲ್ಲೇ ಚೆನ್ನಾಗಿ ಹೋಯಿತು. ಆಮೇಲೆ ತಡೆಯಿತು. ಥ್ರೆಡ್ ಅಡ್ಡ ಹಿಡಿದಿದ್ದರೆ ಮೊದಲನೇ ಸುತ್ತಿಗೇ ತಡೆಯುತ್ತದೆ. ಇದು ಅರ್ಧ ದಾರಿಯಲ್ಲಿ, ಸ್ವಲ್ಪ ಮೆತ್ತಗೆ, ರಬ್ಬರಿಗೆ ಒತ್ತಿದ ಹಾಗೆ ತಡೆಯಿತು. ಗ್ರೀಸ್ ಜಾಸ್ತಿಯಾಗಿರಬೇಕು ಅಂದುಕೊಂಡು ಸ್ಪ್ಯಾನರ್ ಹಾಕಿ ತಿರುಗಿಸಿದೆ. ಹೋಯಿತು.

ಕ್ರ್ಯಾಂಕ್ ಹಾಕಿ ತಿರುಗಿಸಿದರೆ ಭಾರ. ಒಂದು ಸುತ್ತೂ ಬರದೆ ನಿಂತಿತು. ಜೊತೆಗೆ ಒಳಗಿಂದ ಸರಕ್ ಸರಕ್ ಅಂತ ಕಾಗದ ಉಜ್ಜಿದ ಶಬ್ದ. ಮೊದಲು ಪ್ರೀಲೋಡ್ ಅನುಮಾನ ಬಂತು, ಮುಚ್ಚಳ ಸಡಿಲ ಮಾಡಿದೆ, ವ್ಯತ್ಯಾಸವಿಲ್ಲ. ಎಡ ಕ್ರ್ಯಾಂಕ್ ಪೂರ್ತಿ ತೆಗೆದು ಬರೀ ಅಚ್ಚನ್ನು ತಿರುಗಿಸಿದೆ, ಆಗಲೂ ಸರಕ್. ಅಚ್ಚನ್ನೂ ಹೊರಗೆ ತೆಗೆದು ಬೆರಳು ಹಾಕಿ ಬೇರಿಂಗ್ ತಿರುಗಿಸಿದೆ, ಎರಡೂ ಬೆಣ್ಣೆಯ ಹಾಗೆ ತಿರುಗಿದವು. ಅಂದರೆ ದೋಷ ಬೇರಿಂಗಿನಲ್ಲಿಲ್ಲ, ಅಚ್ಚು ನಡುವೆ ಎಲ್ಲೋ ಉಜ್ಜುತ್ತಿದೆ. ಹೀಗೆ ಒಂದೊಂದೇ ಭಾಗ ಕಳೆಯುತ್ತಾ ಹೋಗಿ, ಎಲ್ಲಿ ಶಬ್ದ ನಿಲ್ಲುತ್ತದೋ ಅಲ್ಲಿಗಿಂತ ಒಂದು ಹೆಜ್ಜೆ ಹಿಂದೆ ದೋಷ ಇರುತ್ತದೆ.

ಸೈಕಲ್ ತಲೆಕೆಳಗೆ ಮಾಡಿದಾಗ ಕಂಡಿತು. ಶೆಲ್ಲಿನ ಕೆಳಗೆ ಗೇರ್ ಕೇಬಲ್ ಹೋಗುವ ಪ್ಲಾಸ್ಟಿಕ್ ತುಂಡು ಇರುತ್ತದಲ್ಲ, ಅದನ್ನು ಹಿಡಿದಿರುವ ಒಂದು ಸ್ಕ್ರೂ. ಹಿಂದಿನ ಸರ್ವಿಸಿನಲ್ಲಿ ಯಾರೋ ಅದನ್ನು ಬದಲಾಯಿಸಿದ್ದರು, ಕೈಗೆ ಸಿಕ್ಕಿದ ಉದ್ದದ ಸ್ಕ್ರೂ ಹಾಕಿದ್ದರು. ಅದರ ತುದಿ ಶೆಲ್ಲಿನೊಳಗೆ ನಾಲ್ಕೈದು ಮಿ.ಮೀ. ಚಾಚಿಕೊಂಡಿತ್ತು. ಅಂಗಡಿಯವರು ಬಿಬಿ ಹಾಕುವಾಗ ಅದನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ಬಿಟ್ಟಿದ್ದರು ಅಂತ ಕಾಣುತ್ತದೆ. ನಾನು ಸ್ವಚ್ಛ ಮಾಡುವ ಉತ್ಸಾಹದಲ್ಲಿ ಅದು ಸಡಿಲ ಇದೆ ಅಂತ ಬಿಗಿ ಮಾಡಿದ್ದೆ! ನನ್ನದೇ ಕೈ. ಬಿಬಿ ಹೊರಗೆ ತೆಗೆದರೆ ಪ್ಲಾಸ್ಟಿಕ್ ತೋಳಿನ ಮೇಲೆ ಉದ್ದಕ್ಕೆ ಸುರುಳಿಯಾಗಿ ಗೀರಿತ್ತು, ಒಂದು ಕಡೆ ಒಳಕ್ಕೆ ತಗ್ಗಿತ್ತು. ಆ ತಗ್ಗೇ ಅಚ್ಚಿಗೆ ಉಜ್ಜುತ್ತಿದ್ದದ್ದು.

ಹಾಗಾಗಿ ಬಿಬಿ ಹಾಕುವ ಮುಂಚೆ ಶೆಲ್ಲಿನೊಳಗೆ ಬೆರಳು ಆಡಿಸಿ. ಏನಾದರೂ ಚುಚ್ಚಿದರೆ ಸ್ಕ್ರೂ ಗಿಡ್ಡ ಮಾಡಿ. ಫ್ರೇಮಿನೊಳಗೆ ಓಡುವ ಕೇಬಲ್, ಎಲೆಕ್ಟ್ರಾನಿಕ್ ಗೇರಿನ ವೈರ್ ಇದ್ದರೆ ಅವು ತೋಳಿಗೂ ಶೆಲ್ಲಿಗೂ ನಡುವೆ ಸಿಕ್ಕಿಹಾಕಿಕೊಳ್ಳದ ಹಾಗೂ ನೋಡಿ.

ಬಿಗಿ ಎಷ್ಟು

ಕಪ್ಪಿಗೆ 35ರಿಂದ 50 ನ್ಯೂಟನ್ ಮೀಟರ್. ಸಂಖ್ಯೆ ಕೇಳಿದರೆ ಅಂದಾಜಾಗುವುದಿಲ್ಲ ಅಲ್ವಾ? 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ ಸುಮಾರು 16 ಕೆಜಿ ತೂಕ ನೇತುಹಾಕಿದರೆ 40 ನ್ಯೂಟನ್ ಮೀಟರ್ ಆಗುತ್ತದೆ. ಅಂದರೆ ಮನೆಯ ಖಾಲಿ ಗ್ಯಾಸ್ ಸಿಲಿಂಡರ್ ಎತ್ತುವಷ್ಟು ಬಲ. ನಾವು ಸಾಮಾನ್ಯವಾಗಿ ಕೈಯಂದಾಜಿನಲ್ಲಿ ಕೊಡುವುದು ಇದಕ್ಕಿಂತ ಕಡಿಮೆ. ಕಪ್ ಸಡಿಲವಾಗಿ ಶಬ್ದ ಬರುವುದಕ್ಕೆ ಇದೇ ಕಾರಣ.

ಕ್ರ್ಯಾಂಕಿನಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಕಡಿಮೆ ಬೇಕಾದ ಕಡೆ ಜಾಸ್ತಿ ಕೊಡುತ್ತೇವೆ. ಎಡಗಡೆಯ ಪ್ಲಾಸ್ಟಿಕ್ ಮುಚ್ಚಳಕ್ಕೆ ಬೇಕಾದದ್ದು 0.7ರಿಂದ 1.5 ನ್ಯೂಟನ್ ಮೀಟರ್ ಅಷ್ಟೇ. ಅದಕ್ಕೆಂದೇ ಇರುವ ಹಲ್ಲಿನ ಬಿಲ್ಲೆಯನ್ನು ಬೆರಳಿನಲ್ಲಿ ಹಿಡಿದು ನಿಲ್ಲುವ ತನಕ ತಿರುಗಿಸಿದರೆ ಸಾಕು, ಉಪ್ಪಿನಕಾಯಿ ಜಾಡಿ ಮುಚ್ಚುವುದಕ್ಕಿಂತಲೂ ಮೆತ್ತಗೆ. ಆ ಮುಚ್ಚಳ ಕ್ರ್ಯಾಂಕನ್ನು ಹಿಡಿದಿಡುವುದಿಲ್ಲ. ಅಲುಗಾಟ ತೆಗೆಯುವುದಷ್ಟೇ ಅದರ ಕೆಲಸ. ಹಿಡಿದಿಡುವುದು ಪಕ್ಕದ ಎರಡು ಬೋಲ್ಟ್, ಅವಕ್ಕೆ 12ರಿಂದ 14 ನ್ಯೂಟನ್ ಮೀಟರ್. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ. ಇದಕ್ಕೆ ಸ್ವಲ್ಪ, ಅದಕ್ಕೆ ಸ್ವಲ್ಪ, ಹೀಗೆ ನಾಲ್ಕೈದು ಸಲ. ಮೊದಲನೆಯದು ಕೊನೆಗೆ ಮತ್ತೆ ಸಡಿಲವಾಗಿರುತ್ತದೆ, ಬೇಕಾದರೆ ನೋಡಿ.

ಕ್ರಮ ತಪ್ಪಬಾರದು. ಬಲ ಕ್ರ್ಯಾಂಕಿನ ಅಚ್ಚಿಗೆ ತೆಳುವಾಗಿ ಗ್ರೀಸ್ ಹಚ್ಚಿ ಬಲದಿಂದ ಎಡಕ್ಕೆ ತೂರಿಸಿ, ಚೈನ್ ಮರೆಯಬೇಡಿ. ಎಡ ಕ್ರ್ಯಾಂಕನ್ನು ಸರಿಯಾಗಿ ಎದುರು ದಿಕ್ಕಿಗೆ ಇಟ್ಟು ಒತ್ತಿ. ಆಮೇಲೆ ಮುಚ್ಚಳ. ಆಮೇಲೆ ಸೇಫ್ಟಿ ಪ್ಲೇಟ್. ಕೊನೆಗೆ ಎರಡು ಬೋಲ್ಟ್. ಬೋಲ್ಟ್ ಮೊದಲು ಬಿಗಿದು ಆಮೇಲೆ ಮುಚ್ಚಳ ತಿರುಗಿಸಿದರೆ ಏನೂ ಆಗುವುದಿಲ್ಲ, ಮುಚ್ಚಳದ ಹಲ್ಲು ಮಾತ್ರ ಮುರಿಯುತ್ತದೆ.

ಆ ಸೇಫ್ಟಿ ಪ್ಲೇಟನ್ನು ಕೆಲವರು ಬೇಡದ ತುಂಡು ಅಂದುಕೊಳ್ಳುತ್ತಾರೆ. ಅದೇ ನಿಮ್ಮ ಇನ್‌ಸ್ಪೆಕ್ಟರ್. ಅದರ ಕೆಳಗೆ ಒಂದು ಸಣ್ಣ ಮೊಳೆ ಇದೆ, ಅದು ಅಚ್ಚಿನಲ್ಲಿರುವ ತೂತಿಗೆ ಇಳಿಯಬೇಕು. ಪ್ಲೇಟ್ ಚಪ್ಪಟೆಯಾಗಿ ಕೂರದಿದ್ದರೆ ಎಡ ಕ್ರ್ಯಾಂಕ್ ಪೂರ್ತಿ ಒಳಗೆ ಹೋಗಿಲ್ಲ ಅಂತ ಅರ್ಥ. ಆಗ ಸ್ಪೇಸರ್, ಅಂದರೆ ಕಪ್ಪಿಗೂ ಶೆಲ್ಲಿಗೂ ನಡುವೆ ಹಾಕುವ ಉಂಗುರ, ನೋಡಿ. 68 ಮಿ.ಮೀ. ಶೆಲ್ಲಿಗೆ ರೋಡ್ ಬಿಬಿ ಹಾಕುವಾಗ ಸ್ಪೇಸರ್ ಬೇಡವೇ ಬೇಡ. ಎಂಟಿಬಿ (ಮೌಂಟನ್ ಬೈಕ್) ಬಿಬಿಯ ಡಬ್ಬಿಯಲ್ಲಿ 2.5 ಮಿ.ಮೀ. ಉಂಗುರಗಳು ಬರುತ್ತವೆ, ಅವನ್ನು ರೋಡ್ ಕ್ರ್ಯಾಂಕಿನ ಜೊತೆ ಹಾಕಿದರೆ ಅಚ್ಚಿನ ಉದ್ದ ಸಾಲುವುದಿಲ್ಲ.

ಹಾಕಿ ಆಯಿತು, ಏನೋ ಸರಿಯಿಲ್ಲ

ಕ್ರ್ಯಾಂಕ್ ಭಾರವಾಗಿ ತಿರುಗಿದರೆ ಮೊದಲು ಎರಡು ಬೋಲ್ಟ್ ಸಡಿಲ ಮಾಡಿ, ಮುಚ್ಚಳವನ್ನು ಕಾಲು ಸುತ್ತು ಬಿಡಿ, ಮತ್ತೆ ಬೋಲ್ಟ್ ಬಿಗಿ ಮಾಡಿ ನೋಡಿ. ಹಗುರಾದರೆ ಪ್ರೀಲೋಡ್ ಜಾಸ್ತಿಯಾಗಿತ್ತು, ಹಗುರಾಗದಿದ್ದರೆ ನನ್ನ ಸ್ಕ್ರೂ ಕಥೆ ನೆನಪಿಸಿಕೊಳ್ಳಿ. ಎರಡೂ ಕಡೆ ಅಲುಗಿದರೆ ಇದೇ ಕೆಲಸ ಉಲ್ಟಾ, ಮುಚ್ಚಳ ಸ್ವಲ್ಪ ಬಿಗಿ. ಎಷ್ಟು ಬಿಗಿ ಮಾಡಿದರೂ ಅಲುಗಾಟ ಹೋಗದಿದ್ದರೆ ಎಡ ಕ್ರ್ಯಾಂಕ್ ಪೂರ್ತಿ ಕೂತಿಲ್ಲ ಅಥವಾ ಕಪ್ ಸಡಿಲ ಇದೆ.

ಮೊದಲನೇ ಸವಾರಿಯ ನಂತರ ಎರಡು ಬೋಲ್ಟಿಗೆ ಮತ್ತೆ ಟಾರ್ಕ್ ರೆಂಚ್ ಹಾಕಿ. ನನ್ನದರಲ್ಲಿ ಒಂದು ಬೋಲ್ಟ್ ಚೂರು ತಿರುಗಿತು.

ಬೇರೆ ಬಗೆಯವು, ಬೇಗ ಬೇಗ

ಚೌಕ ಅಚ್ಚಿನ ಹಳೆಯ ಬಗೆ ಈಗಲೂ ಕಡಿಮೆ ಬೆಲೆಯ ಸೈಕಲ್‌ಗಳಲ್ಲಿ ಇದೆ. ಅಲ್ಲಿ ಮುಖ್ಯ ಕಾಯಿಲೆ ಎಡ ಕ್ರ್ಯಾಂಕ್ ಸಡಿಲವಾಗುವುದು. ಬೋಲ್ಟಿಗೆ 35ರಿಂದ 50 ನ್ಯೂಟನ್ ಮೀಟರ್ ಬೇಕು. ಸಡಿಲ ಇದ್ದಾಗಲೇ ತುಳಿದರೆ ಉಕ್ಕಿನ ಅಚ್ಚು ಅಲ್ಯೂಮಿನಿಯಂ ತೂತನ್ನು ತಿಂದು ದುಂಡಗೆ ಮಾಡುತ್ತದೆ, ಆಮೇಲೆ ಎಷ್ಟು ಬಿಗಿದರೂ ಹತ್ತು ಕಿಲೋಮೀಟರಿಗೆ ಮತ್ತೆ ಸಡಿಲ. ಆ ಕ್ರ್ಯಾಂಕ್ ಗುಜರಿಗೆ, ಬೇರೆ ದಾರಿಯಿಲ್ಲ.

ಪ್ರೆಸ್ ಫಿಟ್ ಬಗ್ಗೆ ನನಗೆ ಅಷ್ಟು ಪ್ರೀತಿ ಇಲ್ಲ. ರೋಡ್ ಬೈಕಿನಲ್ಲಿ ಜಾಸ್ತಿ ಕಾಣುವ ಬಿಬಿ86ರಲ್ಲಿ ಶೆಲ್ ಅಗಲ 86.5 ಮಿ.ಮೀ., ಒಳವ್ಯಾಸ 41 ಮಿ.ಮೀ. ಥ್ರೆಡ್ ಇಲ್ಲ, ಬರೀ ಒತ್ತಿ ಕೂರಿಸುವುದು. ಶೆಲ್ ಚೂರು ದೊಡ್ಡದಿದ್ದರೆ, ಅಥವಾ ಎರಡು ಕಡೆಯ ತೂತು ಒಂದೇ ನೇರಕ್ಕೆ ಇಲ್ಲದಿದ್ದರೆ, ಕಪ್ ಒಳಗೇ ಜರುಗಿ ಕಟಕಟ ಅನ್ನುತ್ತದೆ. ಸುತ್ತಿಗೆಯಲ್ಲಿ ಬಡಿದು ಹಾಕಬೇಡಿ, ಸರಿಯಾದ ಪ್ರೆಸ್ ಬೇಕು. ಶಬ್ದ ನಿಲ್ಲದಿದ್ದರೆ ಎರಡು ಕಪ್ಪನ್ನು ಥ್ರೆಡ್ಡಿನಿಂದ ಒಂದಕ್ಕೊಂದು ಜೋಡಿಸಿ ಎಳೆದುಕೊಳ್ಳುವ ಬಗೆಯ ಬಿಬಿ ಸಿಗುತ್ತವೆ. ದುಡ್ಡು ಜಾಸ್ತಿ, ಆದರೆ ಅದು ಕೆಲಸ ಮಾಡುತ್ತದೆ.

ಕ್ರ್ಯಾಂಕೇ ಬಿಟ್ಟುಕೊಳ್ಳುತ್ತಿದ್ದರೆ

ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 2023ರ ಸೆಪ್ಟೆಂಬರಿನಲ್ಲಿ ಶಿಮಾನೊ ಕಂಪನಿ 2019ರ ಜುಲೈಗೆ ಮುಂಚೆ ತಯಾರಾದ 11 ಸ್ಪೀಡಿನ ಕೆಲವು ಹಾಲೋಟೆಕ್ 2 ರೋಡ್ ಕ್ರ್ಯಾಂಕ್‌ಗಳನ್ನು ಪರೀಕ್ಷೆಗೆ ತರಲು ಹೇಳಿತು. ಅಮೆರಿಕದಲ್ಲೇ ಸುಮಾರು 6,80,000 ಕ್ರ್ಯಾಂಕ್‌ಗಳು, ಬಿಟ್ಟುಕೊಂಡ 4,519 ಘಟನೆಗಳು, 6 ಜನರಿಗೆ ಗಾಯ ಅಂತ ಅಲ್ಲಿನ ಪ್ರಕಟಣೆಯಲ್ಲಿ ಇತ್ತು. ಮಾದರಿಗಳು ಇವು: ಅಲ್ಟೆಗ್ರಾ ಎಫ್‌ಸಿ-6800, ಎಫ್‌ಸಿ-ಆರ್8000, ಡ್ಯೂರಾ ಏಸ್ ಎಫ್‌ಸಿ-9000, ಎಫ್‌ಸಿ-ಆರ್9100, ಎಫ್‌ಸಿ-ಆರ್9100-ಪಿ. ಈ ಕ್ರ್ಯಾಂಕ್‌ಗಳು ಒಳಗೆ ಟೊಳ್ಳು, ಎರಡು ಭಾಗವನ್ನು ಅಂಟಿಸಿ ಮಾಡಿರುತ್ತಾರೆ. ಆ ಅಂಟು ಬಿಟ್ಟುಕೊಂಡರೆ ಕ್ರ್ಯಾಂಕ್ ತುಳಿಯುವಾಗಲೇ ಮುರಿಯಬಹುದು.

ಮಾದರಿಯ ಸಂಖ್ಯೆ ಕ್ರ್ಯಾಂಕಿನ ಒಳಮುಖದಲ್ಲಿ ಇರುತ್ತದೆ, ತಯಾರಾದ ಕಾಲದ ಎರಡಕ್ಷರದ ಗುರುತೂ ಅಲ್ಲೇ. ನಿಮ್ಮದು ಈ ಪಟ್ಟಿಯಲ್ಲಿದ್ದು ಕಟಕಟ ಬರುತ್ತಿದ್ದರೆ ಮೊದಲು ಕ್ರ್ಯಾಂಕ್ ಬಿಚ್ಚಿ, ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಹಿಡಿದು ಅಂಟಿನ ಗೆರೆಯುದ್ದಕ್ಕೂ ನೋಡಿ. ಕೂದಲೆಳೆಯಷ್ಟು ಬಿರುಕು ಕಂಡರೂ, ಉಗುರು ಸಿಕ್ಕಿಕೊಂಡರೂ, ಅದನ್ನು ಹಾಕಿ ಓಡಿಸಬೇಡಿ. ಅಧಿಕೃತ ಡೀಲರ್ ಹತ್ತಿರ ತೋರಿಸಿ.

ಕೊನೆಗೆ ನನ್ನ ಶಬ್ದ

ಸ್ಕ್ರೂ ಗಿಡ್ಡ ಮಾಡಿದ ಮೇಲೆ ಬಿಬಿ ಹಾಕಬೇಕಲ್ಲ, ಹೊಸದರ ತೋಳು ಹಾಳಾಗಿತ್ತು. ಆಗ ಪ್ಲಾಸ್ಟಿಕ್ ಕವರಿನಲ್ಲಿದ್ದ ಹಳೆಯದು ನೆನಪಾಯಿತು. ತೆಗೆದು ಬೆರಳು ಹಾಕಿ ತಿರುಗಿಸಿದೆ. ಎರಡು ಬೇರಿಂಗೂ ನುಣ್ಣಗೆ, ಗರಗರ ಇಲ್ಲ, ಅಲುಗಾಟ ಇಲ್ಲ. ಅದನ್ನೇ ಗ್ರೀಸ್ ಹಚ್ಚಿ ಹಾಕಿದೆ. ಭಾನುವಾರ ಮತ್ತೆ ನಂದಿ. ಸರಕ್ ಹೋಗಿತ್ತು, ಕಟ್ ಇತ್ತು.

ದಾರಿಯ ಪಕ್ಕದಲ್ಲೇ ನಿಲ್ಲಿಸಿ, ಜೇಬಿನಲ್ಲಿದ್ದ 8 ಮಿ.ಮೀ. ಅಲೆನ್ ಕೀ ತೆಗೆದು ಬಲಗಡೆಯ ಪೆಡಲ್ ಬಿಚ್ಚಿದೆ. ಥ್ರೆಡ್ ಸಂದಿಯಲ್ಲಿ ಬೂದು ಬಣ್ಣದ ಒಣ ಪುಡಿ. ಟೀ ಶರ್ಟಿನ ಅಂಚಿನಿಂದ ಒರೆಸಿದೆ. ಗ್ರೀಸ್ ಎಲ್ಲಿಂದ ತರುವುದು, ತುಟಿಗೆ ಹಚ್ಚುವ ವ್ಯಾಸಲೀನ್ ಡಬ್ಬಿ ಗೆಳೆಯನ ಬ್ಯಾಗಿನಲ್ಲಿತ್ತು, ಅದನ್ನೇ ಹಚ್ಚಿ ಬಿಗಿ ಮಾಡಿದೆ. ಮೇಲಿನವರೆಗೂ ನನ್ನ ಉಸಿರು ಬಿಟ್ಟರೆ ಬೇರೆ ಶಬ್ದ ಬರಲಿಲ್ಲ. ಮನೆಗೆ ಬಂದ ಮೇಲೆ ಸರಿಯಾದ ಗ್ರೀಸ್ ಹಾಕಿದೆ.

ಹಳೆಯ ಬಿಬಿ ಈಗಲೂ ಸೈಕಲ್ಲಿನಲ್ಲೇ ಓಡುತ್ತಿದೆ. ಗೀರು ಬಿದ್ದ ಹೊಸದು ಅದೇ ಪ್ಲಾಸ್ಟಿಕ್ ಕವರಿನಲ್ಲಿ, ಡ್ರಾಯರಿನಲ್ಲಿ ಇದೆ.